ಮುನಿಯಲ್ಲಮ್ಮನ ಮೂರು ಇಂಗ್ಲಿಷ್ ಮಾತುಗಳು

ಮುನಿಯಲ್ಲಮ್ಮನನ್ನು ನಾನು ಮೊದಲು ಕಂಡದ್ದು ೧೯೫೭ನೆಯ ಇಸವಿ ಜುಲೈ ತಿಂಗಳ ಒಂದು ಬುಧವಾರ ಮಧ್ಯಾಹ್ನ. ಮತ್ತಿಕೆರೆಯ ಮಿಡ್ಲ್ ಸ್ಕೂಲಿನಲ್ಲಿ ಏಳನೆಯ ತರಗತಿಗೆ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳ ಪಾಠ ನಡೆಸುತ್ತಿದ್ದೆ. 'ಬಡಗಿಯು ಮರವನ್ನು ಕಡಿದನು' ಎಂಬ ವಾಕ್ಯವನ್ನು 'ಬಡಗಿಯಿಂದ ಮರವು ಕಡಿಯಲ್ಪಟ್ಟಿತು' ಎಂದು ಕಪ್ಪುಹಲಗೆಯ ಮೇಲೆ ತಿರುಗಿಸಿ ಬರೆಯುತ್ತಿದ್ದಾಗ ಮಕ್ಕಳು ಕಿಸಕ್ಕೆಂದು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ಹೆಂಗಸು. ವಯಸ್ಸು ಮೂವತ್ತರ ಆಸುಪಾಸು. ತಲೆಗೂದಲು, ಹುಬ್ಬು, ಬಳೆ, ಎಲ್ಲಕ್ಕೂ ಮೈದಾಹಿಟ್ಟು ಮೆತ್ತಿಕೊಂಡಿತ್ತು. ನಗುತ್ತಿದ್ದವರ ಕಡೆ ಆಕೆ ಕಣ್ಣು ಕೂಡ ಹಾಯಿಸಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದು ಒಂದು ಕಾಗದವನ್ನು ಮುಂದೆ ಹಿಡಿದಳು.

"ಮೇಷ್ಟ್ರೇ, ಇದ್ರಾಗೆ ನನ್ನ ಏನಂತ ಬೈದವ್ರೆ? ಒಸಿ ಓದಿ ಯೋಳಿ."

"ಪಾಠ ನಡೀತಿದೆ, ಕಾಣೋದಿಲ್ಲವೇನಮ್ಮಾ? ನಾಲ್ಕೂವರೆಗೆ ಬಾ."

"ಬೈಸ್ಕೊಂಡೋಳು ನಾನು. ಏನಂತ ಬೈದವ್ರೆ ಅಂತ್ಲೇ ಗೊತ್ತಿಲ್ದೆ ನಾಲ್ಕೂವರೆಗಂಟ ಎಂಗೆ ಕೂತ್ಕಳ್ಳಿ?"

ಆದರೂ ಕೂತಳು. ಶಾಲೆಯ ಜಗಲಿಯ ಮೇಲೆ, ಬಾಗಿಲಿಗೆ ಎದುರಾಗಿಯೇ, ನನ್ನ ಮೇಲಿಟ್ಟ ಕಣ್ಣು ಕೀಳದೆ ಕೂತಳು. ಅಂದು ಕರ್ಮಣಿ ಪ್ರಯೋಗ ಮಕ್ಕಳಿಗೆಷ್ಟು ಹತ್ತಿತೋ ನಾನರಿಯೆ.

ಗಂಟೆ ಹೊಡೆದ ಮೇಲೆ ಆಕೆಯ ಕಥೆ ಕೇಳಿದೆ. ಯಶವಂತಪುರದ ರೈಲು ನಿಲ್ದಾಣದ ಆಚೆ ಆಗ ಒಂದು ಬಿಸ್ಕತ್ತು ಕಾರ್ಖಾನೆ ಇತ್ತು. ಅದರ ಹೆಸರು ಇಲ್ಲಿ ಬೇಡ. ಮತ್ತಿಕೆರೆಯ ಹಲವು ಹೆಂಗಸರು ಅಲ್ಲಿ ಡಬ್ಬಿಗಳಿಗೆ ಬಿಸ್ಕತ್ತು ತುಂಬುವ ಕೆಲಸಕ್ಕೆ ಹೋಗುತ್ತಿದ್ದರು. ಕಾರ್ಖಾನೆಯ ತುಂಬ ಹಾರುವ ಹಿಟ್ಟು ಅವರಿಗೂ ಮೆತ್ತುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಒಳಹೊಕ್ಕರೆ ಹೊರಬೀಳುವುದು ಸಂಜೆ ಐದಕ್ಕೆ. ಹಾಲುಗೂಸು ಇದ್ದವರಿಗೆ ಅಲ್ಲೊಂದು ರೂಢಿಯಿತ್ತು. ಹನ್ನೊಂದು ಗಂಟೆಗೆ ಅತ್ತೆಯೋ ನಾದಿನಿಯೋ ಕೂಸನ್ನು ಗೇಟಿಗೆ ಎತ್ತಿಕೊಂಡು ಬರುವುದು, ತಾಯಿ ಎದ್ದುಹೋಗಿ ಹಾಲು ಕುಡಿಸಿ ಬರುವುದು. ಯಾರೂ ಬರೆದುಕೊಟ್ಟ ನಿಯಮವಲ್ಲ, ತಡೆದವರೂ ಇರಲಿಲ್ಲ. ಹೆಂಗಸರು ಅದನ್ನು 'ಅನ್ನೊಂದು ಗಂಟೆ' ಎಂದೇ ಕರೆಯುತ್ತಿದ್ದರು.

ಆ ವರ್ಷ ಹೊಸ ಸೂಪರಿಂಟೆಂಡೆಂಟರು ಬಂದರು. ಬಂದ ವಾರದಲ್ಲೇ ಅನ್ನೊಂದು ಗಂಟೆ ನಿಂತಿತು. ಆಗ ಮುನಿಯಲ್ಲಮ್ಮನ ಪಕ್ಕದಲ್ಲಿ ಕೂರುತ್ತಿದ್ದವಳು ಲಕ್ಕಮ್ಮ ಎಂಬ ಎಳೆಯ ಬಾಣಂತಿ, ಮೂರು ತಿಂಗಳ ಕೂಸಿನ ತಾಯಿ. ಮುನಿಯಲ್ಲಮ್ಮ ಆಕೆಗೆ, "ನೀನು ಓಗು, ನಿನ್ನ ಡಬ್ಬಿ ನಾನು ತುಂಬ್ತೀನಿ" ಎಂದು ಹೇಳಿ, ದಿನವೂ ಆ ಹೊತ್ತಿನಲ್ಲಿ ಇಬ್ಬರ ಕೆಲಸವನ್ನೂ ತಾನೇ ಮಾಡುತ್ತಿದ್ದಳು. ಎರಡು ಸಲ ಎಚ್ಚರಿಕೆ ಕೊಟ್ಟರೂ ನಿಲ್ಲಿಸಲಿಲ್ಲ. ಮೂರನೆಯ ಸಲಕ್ಕೆ ಈ ಕಾಗದ ಕೊಟ್ಟು, ಶನಿವಾರದವರೆಗೆ ಬರಬೇಡ ಎಂದು ಹೊರಗೆ ಕಳಿಸಿದ್ದರು. ಕೆಳಗೆ ಹೆಬ್ಬೆಟ್ಟು ಒತ್ತಿ ತಪ್ಪೊಪ್ಪಿಕೊಂಡರೆ ಕೆಲಸವುಂಟು. ಇಲ್ಲವಾದರೆ ಶನಿವಾರ ಮಾಲೀಕರ ಮುಂದೆ ವಿಚಾರಣೆ, ಆಮೇಲೆ ಮನೆಗೆ.

"ಒತ್ತಿಬಿಟ್ಟರೆ ಮುಗೀತಲ್ಲಮ್ಮಾ?" ಎಂದೆ.

"ನಾನು ಒತ್ತಿದ್ರೆ ಲಕ್ಕಮ್ಮನ ಕೂಸಿಗೆ ಆಲಿಲ್ಲ. ನನ್ ತಪ್ಪು ಅಂದ್ರೆ ಅವ್ಳದೂ ತಪ್ಪೇ ಆಯ್ತಲ್ಲ. ಅದ್ ಇರ್ಲಿ, ಮೊದ್ಲು ಓದಿ. ಯಾವ ತಪ್ಪು ಅಂತ ಗೊತ್ತಿಲ್ದೆ ಒಪ್ಕಳಕ್ಕೆ ನಾನೇನ್ ದನವಾ?"

ಓದಿದೆ. ಅರ್ಧ ಪುಟದ ಟೈಪು ಮಾಡಿದ ಇಂಗ್ಲಿಷ್. ನಡುನಡುವೆ ಮೂರು ಭಾರೀ ಪದಗಳು: ರಿಕ್ಯಾಲ್ಸಿಟ್ರಂಟ್, ಮ್ಯಾಲಿಂಗರಿಂಗ್, ಇಂಡಿಫ್ಯಾಟಿಗಬಲ್. ಮೊದಲನೆಯದಕ್ಕೆ 'ಮೊಂಡಿ' ಎಂದು ಅರ್ಥ ಹೇಳಿದೆ. ಎರಡನೆಯದಕ್ಕೆ, ರೋಗವಿಲ್ಲದೆಯೇ ರೋಗ ಬಂದವರ ಹಾಗೆ ನಟಿಸಿ ಕೆಲಸ ತಪ್ಪಿಸಿಕೊಳ್ಳುವುದು ಎಂದೆ. ಮೂರನೆಯದು ನನಗೆ ತಿಳಿಯದು. ನಾನು ಕನ್ನಡದ ಮೇಷ್ಟ್ರು. ಇಂಗ್ಲಿಷನ್ನು ಕೆಳಗಿನ ತರಗತಿಗಳಿಗಷ್ಟೇ ಹೇಳುತ್ತಿದ್ದವನು. ಆದರೆ ಹತ್ತೊಂಬತ್ತು ವರ್ಷ ಪಾಠ ಮಾಡಿದ ನಾಲಿಗೆಗೆ 'ಗೊತ್ತಿಲ್ಲ' ಎಂಬ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ.

"ಅದೂ ಅಂಥದ್ದೇ ಒಂದು ಬೈಗುಳ ಕಣಮ್ಮ" ಎಂದೆ.

"ಅಂಥದ್ದೇ ಅಂದ್ರೆ ಎಂಥದ್ದು?"

"ಕೆಟ್ಟದ್ದು."

"ಕೆಟ್ಟದ್ರಾಗೆ ಸಾವ್ರ ಅವೆ ಮೇಷ್ಟ್ರೇ. ಕಳ್ಳಿ ಅನ್ನಾದೂ ಕೆಟ್ಟದ್ದೇ, ಸೋಂಬೇರಿ ಅನ್ನಾದೂ ಕೆಟ್ಟದ್ದೇ. ಇದ್ಯಾವ್ದು?" ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ದನಿ ತಗ್ಗಿಸಿ, "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ. ನಾನೇನ್ ಯಾರ್ಗೂ ಯೋಳಕಿಲ್ಲ" ಎಂದಳು.

ನನಗೆ ನಾಚಿಕೆಯಾಯಿತು. "ಗೊತ್ತಿಲ್ಲಮ್ಮ, ನಾಳೆ ನೋಡಿ ಹೇಳುತ್ತೇನೆ" ಎಂದೆ. ಇನ್ನೊಬ್ಬರ ಮುಂದೆ ನಾನು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲಿರಬೇಕು.

ಶಾಲೆಗೆ ಇದ್ದದ್ದು ಒಂದೇ ದೊಡ್ಡ ನಿಘಂಟು. ಅದು ಹೆಡ್ಮಾಸ್ಟರ್ ನರಸಿಂಹಯ್ಯನವರ ಬೀರುವಿನಲ್ಲಿ, ಭೂಗೋಳದ ಗುಂಡಿನ ಪಕ್ಕದಲ್ಲಿ, ಬೀಗದೊಳಗೆ ವಾಸಿಸುತ್ತಿತ್ತು. ಮರುದಿನ ಅವರಿಂದ ಕೇಳಿ ಪಡೆದು ಮೂರು ಪದಗಳನ್ನೂ ನೋಡಿದೆ. ಮೂರನೆಯದನ್ನು ನೋಡಿದವನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಆಮೇಲೆ ಒಬ್ಬನೇ ನಕ್ಕೆ.

ಆ ಸಂಜೆ ಮುನಿಯಲ್ಲಮ್ಮ ಗಂಡನ ಜಟಕಾಗಾಡಿಯಲ್ಲಿ ಬಂದಳು. ಗಂಡ ಅಶ್ವತ್ಥಪ್ಪ ಗಾಡಿಯಿಂದ ಇಳಿಯದೆ, ಬಾರುಕೋಲು ಹಿಡಿದೇ ಬೇಲಿಯಾಚೆಯಿಂದ ಕೂಗಿದ: "ಬುದ್ಧಿ ಯೋಳಿ ಮೇಷ್ಟ್ರೇ ಇವ್ಳಿಗೆ. ಎಬ್ಬೆಟ್ಟು ಒತ್ತಿ ಒಳಗೋಗು ಅಂದ್ರೆ, ಅರ್ಥ ಬೇಕಂತೆ ಅರ್ಥ!"

ನಾನು ನಿಘಂಟು ತೆರೆದೆ. "ನೋಡಮ್ಮಾ, ಈ ರಿಕ್ಯಾಲ್ಸಿಟ್ರಂಟ್ ಅನ್ನೋ ಪದದ ಮೂಲದ ಅರ್ಥ, ಹಿಂಗಾಲಿನಿಂದ ಒದೆಯುವುದು. ಕುದುರೆ, ಕತ್ತೆ ಒದೆಯುತ್ತವಲ್ಲ, ಹಾಗೆ."

ಮುನಿಯಲ್ಲಮ್ಮ ಆ ಪದವನ್ನು ಬಾಯಲ್ಲಿ ಹಾಕಿ ಅಗಿದಳು. "ರೀ... ಕಾಲು... ಸಿಟ್ಟು... ರಂಟು. ಅದ್ರಾಗೇ ಐತಲ್ಲ ಮೇಷ್ಟ್ರೇ! ಕಾಲು, ಸಿಟ್ಟು. ಕಾಲ್ಗೆ ಸಿಟ್ಟು ಬಂದ್ರೆ ಇನ್ನೇನ್ ಮಾಡ್ತದೆ, ಒದೀತದೆ!"

ಅಶ್ವತ್ಥಪ್ಪ ಗಾಡಿಯ ಮೇಲಿಂದ, "ಅಯ್ಯೋ, ಈ ಮಾತ್ನ ನಾನು ಮದ್ವೆಯಾದ್ ದಿನಾನೇ ಅನ್ಬೇಕಾಗಿತ್ತು. ಇಂಗ್ಲಿಷ್ ಗೊತ್ತಿರ್ಲಿಲ್ಲ, ಬುಟ್ಟೆ" ಎಂದ.

"ಬಾಯ್ಮುಚ್ಚು. ಇದು ನಿಜ ಮೇಷ್ಟ್ರೇ. ಒದ್ದಿದೀನಿ. ಇದ್ನ ಒಪ್ಕತೀನಿ. ಮುಂದಕ್ಕೆ."

ಎರಡನೆಯದಕ್ಕೆ ಆಕೆಗೆ ನಿಘಂಟೇ ಬೇಕಾಗಲಿಲ್ಲ. "ಮಾಲಿಂಗ! ನಮ್ಮ ಬೀದೀಲಿ ಮಾಲಿಂಗ ಅಂತ ಒಬ್ಬ ಅವ್ನೆ. ಕಳೆ ಕೀಳಕ್ಕೆ ಕರೆದ್ರೆ ಒಟ್ಟೆನೋವು, ಬಾಡೂಟಕ್ಕೆ ಕರೆದ್ರೆ ವಾಸಿ. ಆದ್ರೆ ಇದು ನನ್ ಮೇಲೆ ಸುಳ್ಳು." ಹೇಳುವಾಗ ಆಕೆಯ ಮುಖ ಗಟ್ಟಿಯಾಯಿತು. "ಮೊಂಡಿ ಅನ್ಲಿ, ಕತ್ತೆ ಅನ್ಲಿ. ಮೈಗಳ್ಳಿ ಅನ್ನಂಗಿಲ್ಲ."

ಮೂರನೆಯದಕ್ಕೆ ನಾನು ಪುಟ ತಿರುವಿದೆ. "ಇಂಡಿಫ್ಯಾಟಿಗಬಲ್ ಅಂದರೆ ದಣಿವೇ ಅರಿಯದವರು. ಎಷ್ಟು ದುಡಿದರೂ ಸುಸ್ತಾಗದವರು. ಇದು ಬೈಗುಳವಲ್ಲಮ್ಮ, ಹೊಗಳಿಕೆ."

"ಒಗಳಿಕೆಯಾ? ಆ ಸೂಪ್ರೆಂಟು ನನ್ನ ಒಗಳ್ತಾನಾ?"

ನಿಘಂಟಿನಲ್ಲಿ ಅದರ ತುಸು ಕೆಳಗಿನ ಪದವನ್ನು ತೋರಿಸಿದೆ. ಇಂಡಿಫೆನ್ಸಿಬಲ್ ಎಂದು ಇನ್ನೊಂದಿದೆ, ಸಮರ್ಥಿಸಿಕೊಳ್ಳಲಾಗದ್ದು ಎಂದು ಅದರ ಅರ್ಥ. ಅವರು ಬರೆಯಬೇಕೆಂದಿದ್ದದ್ದು ಅದು. ತಲೆ ಒಂದೇ ಥರ ಇದೆ, ಬಾಲ ಬದಲಾಗಿಬಿಟ್ಟಿದೆ. ಸೂಪರಿಂಟೆಂಡೆಂಟರಿಗೆ ದೊಡ್ಡ ಪದಗಳ ಮೇಲೆ ಪ್ರೀತಿಯಿತ್ತು, ಪರಿಚಯವಿರಲಿಲ್ಲ.

ಆಕೆ ನಗಲಿಲ್ಲ. ಯೋಚನೆ ಮಾಡುತ್ತ, "ಇಂಡಿ... ಪ್ಯಾಟಿ... ಗ ಬಲ" ಎಂದುಕೊಂಡಳು. "ಇಂಡಿ ತಿಂದ ಎತ್ತಿಗೆ ಬಲ. ಸುಸ್ತಾಗಕಿಲ್ಲ. ಸರಿಯಾಗೇ ಐತೆ." ಎತ್ತಿಗಿಡುವ ಹಿಂಡಿ ಆಕೆಯ ಬಾಯಲ್ಲಿ ಇಂಡಿಯೇ. ಬೆಳಗಿನಿಂದ ನಾನು ಇಪ್ಪತ್ತು ಸಲ ಬರೆದರೂ ನೆನಪಿನಲ್ಲಿ ನಿಲ್ಲದಿದ್ದ ಕಾಗುಣಿತ ಆ ಸಂಜೆಯಿಂದ ನನಗೂ ತಪ್ಪಿಲ್ಲ.

ಶನಿವಾರ ನಮಗೆ ಅರ್ಧ ದಿನದ ಶಾಲೆ. ನಿಘಂಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಜಟಕಾ ಹತ್ತಿದೆ. ಓದು ಬಾರದವರು ಜೊತೆಗೊಬ್ಬರನ್ನು ಕರೆತರಬಹುದು ಎಂದು ಕಾಗದದಲ್ಲೇ ಇತ್ತು. ದಾರಿಯುದ್ದಕ್ಕೂ ಮುನಿಯಲ್ಲಮ್ಮ ತುಟಿಯಲ್ಲೇ ಮಂತ್ರದ ಹಾಗೆ ಕಾಲು-ಸಿಟ್ಟು, ಮಾಲಿಂಗ, ಇಂಡಿ ಎಂದು ಹೇಳಿಕೊಳ್ಳುತ್ತಿದ್ದಳು.

ಮಾಲೀಕರು ರುಮಾಲು ಸುತ್ತಿದ ವಯಸ್ಸಾದವರು. ನಶ್ಯದ ಡಬ್ಬಿ ಕೈಯಲ್ಲಿತ್ತು. ಪಕ್ಕದಲ್ಲಿ ಸೂಪರಿಂಟೆಂಡೆಂಟರು. ಮೂಲೆಯಲ್ಲಿ ಟೈಪಿಸ್ಟು ಗಯಾಸ್, ತೆಳ್ಳಗಿನ, ಅಂಜುಬುರುಕ ಯುವಕ. ಕಿಟಕಿಯಾಚೆ ಹೆಂಗಸರ ಗುಂಪು, ಅವರ ನಡುವೆ ಲಕ್ಕಮ್ಮ. ಸೂಪರಿಂಟೆಂಡೆಂಟರು ಎದ್ದು ನಿಂತು ಕಾಗದವನ್ನು ಇಂಗ್ಲಿಷಿನಲ್ಲಿ ಗಂಭೀರವಾಗಿ ಓದಿ, "ಒಪ್ಪಿಕೊಳ್ತೀಯೋ ಇಲ್ಲವೋ? ಯೆಸ್ ಆರ್ ನೋ?" ಎಂದು ಕೇಳಿದರು.

ಮುನಿಯಲ್ಲಮ್ಮ ಮಾಲೀಕರಿಗೆ ಕೈಮುಗಿದಳು. "ಧಣಿ, ಇದ್ರಾಗೆ ಮೂರ್ ಮಾತು ಬರ್ದವ್ರೆ. ಮೊದಲ್ನೇದು ರಿಕಾಲ್ಸಿಟ್ಟುರಂಟು. ಒದೆಯೋಳು ಅಂತ. ಅದು ನಿಜ, ಒಪ್ಕಂಡೆ. ಎರಡ್ನೇದು ಮಾಲಿಂಗರಿಂಗು. ಕಾಯಿಲೆ ನಾಟ್ಕ ಆಡೋಳು ಅಂತ. ಅದು ಸುಳ್ಳು. ಆಜ್ರಿ ಪುಸ್ತಕ ತರ್ಸಿ."

ಮಾಲೀಕರು ಹಾಜರಿ ಪುಸ್ತಕ ತರಿಸಿದರು. ಹದಿನಾಲ್ಕು ತಿಂಗಳಲ್ಲಿ ಆಕೆ ತಪ್ಪಿದ್ದು ಒಂದೇ ದಿನ.

"ಹಿಯರ್!" ಎಂದು ಸೂಪರಿಂಟೆಂಡೆಂಟರು ಆ ಒಂದು ದಿನದ ಮೇಲೆ ಬೆರಳಿಟ್ಟರು.

"ಅವತ್ತು ನಮ್ಮಾವ ಸತ್ತೋದ್ರು ಸಾಮಿ" ಎಂದಳು ಮುನಿಯಲ್ಲಮ್ಮ. "ಅವ್ರು ನಾಟ್ಕ ಆಡ್ತಿರ್ಲಿಲ್ಲ. ಇನ್ನೂ ಎದ್ದಿಲ್ಲ."

ಕಿಟಕಿಯಾಚೆಯ ನಗುವನ್ನು ಮಾಲೀಕರು ಕೈಯೆತ್ತಿ ನಿಲ್ಲಿಸಬೇಕಾಯಿತು. ಅವರ ತುಟಿಯೂ ಅಲುಗಿದ್ದನ್ನು ನಾನು ಕಂಡೆ.

"ಮೂರ್ನೇದು ಇಂಡಿಪ್ಯಾಟಿಗಬಲ್ಲು. ದಣಿವಿಲ್ದೆ ದುಡಿಯೋಳು ಅಂತ. ಅದಕ್ಕೆ ಸೂಪ್ರೆಂಟ್ರಿಗೆ ನನ್ ನಮಸ್ಕಾರ."

"ನಾನ್ಸೆನ್ಸ್! ಅದು ಕೆಟ್ಟ ಪದ!" ಎಂದರು ಸೂಪರಿಂಟೆಂಡೆಂಟರು.

ನಾನು ಬಟ್ಟೆ ಬಿಚ್ಚಿ ನಿಘಂಟನ್ನು ಮಾಲೀಕರ ಮುಂದಿಟ್ಟೆ. ಅವರು ಬೆರಳಿನಿಂದ ಸಾಲು ಹಿಡಿದು ನಿಧಾನವಾಗಿ ಓದಿದರು. ನಶ್ಯ ಏರಿಸಿದರು. ಇನ್ನೊಮ್ಮೆ ಓದಿದರು. ಸೂಪರಿಂಟೆಂಡೆಂಟರು ಬಗ್ಗಿ ನೋಡಿದವರು ಕಿವಿಯವರೆಗೆ ಕೆಂಪಾಗಿ, "ಟೈಪಿಸ್ಟ್ ಮಿಸ್ಟೇಕ್" ಎಂದರು.

ಗಯಾಸ್ ಎದ್ದು ನಿಂತ. ಫೈಲಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅದು ಸೂಪರಿಂಟೆಂಡೆಂಟರ ಕೈಬರಹ. "ಸಾರ್, ಈ ಪದ ಸರೀನಾ ಅಂತ ನಾನು ಕೇಳ್ದೆ. 'ಯೂ ಟೈಪ್, ಡೋಂಟ್ ಥಿಂಕ್' ಅಂದ್ರಿ."

ಆಗ ಮಾಲೀಕರು ಕಾಗದವನ್ನು ಮಡಚಿ, "ಸರಿ, ಸರಿಯಾಗಿ ಇನ್ನೊಂದು ಬರೆದುಕೊಡಿ" ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ಮುನಿಯಲ್ಲಮ್ಮ ಮುಗಿಯಗೊಡಲಿಲ್ಲ.

"ಬರೀಲಿ ಧಣಿ. ಆದ್ರೆ ಕನ್ನಡದಾಗೆ ಬರೀಲಿ. ಬೈಯಾದಾದ್ರೆ ನಂಗೆ ಅರ್ಥ ಆಗಂಗೆ ಬೈರಿ. ಇಲ್ದಿದ್ರೆ ಬೈದು ಏನ್ ಪ್ರಯೋಜ್ನ?"

ಮಾಲೀಕರು ನನ್ನ ಕಡೆ ನೋಡಿದರು. "ಮೇಷ್ಟ್ರೇ, ಬರ್ಕೊಳ್ಳಿ. ಸೂಪರಿಂಟೆಂಡೆಂಟರು ಹೇಳಲಿ."

ಲೇಖನಿ ತೆಗೆದುಕೊಂಡೆ. ಸೂಪರಿಂಟೆಂಡೆಂಟರ ಕನ್ನಡ ಚೆನ್ನಾಗಿಯೇ ಇತ್ತು. "ಅವಿಧೇಯ ವರ್ತನೆಯು ಗಮನಿಸಲ್ಪಟ್ಟಿದೆ" ಎಂದು ಶುರುಮಾಡಿದರು.

"ಯಾರು ಗಮ್ನಿಸಿದ್ದು?" ಎಂದಳು ಮುನಿಯಲ್ಲಮ್ಮ.

ನಾನು ಲೇಖನಿ ಎತ್ತಿದೆ. "ಈಕೆ ಕೇಳುವುದು ಸರಿ ಸ್ವಾಮಿ. ಕರ್ಮಣಿ ಪ್ರಯೋಗದಲ್ಲಿ ಕರ್ತೃ ತಪ್ಪಿಸಿಕೊಂಡುಬಿಡುತ್ತಾನೆ. ಕರ್ತರಿಯಲ್ಲಿ ಹೇಳಿ. ಯಾರು, ಏನನ್ನು ನೋಡಿದರು?"

"ನಾನು. ನಾನು ನೋಡಿದೆ."

"ಏನನ್ನು?"

"ಇವಳು ಆ ಲಕ್ಕಮ್ಮನ ಡಬ್ಬಿಗಳನ್ನ ತುಂಬುತ್ತಿದ್ದಳು."

"ತನ್ನ ಡಬ್ಬಿಗಳನ್ನು ಬಿಟ್ಟೋ?"

"ಬಿಟ್ಟಲ್ಲ, ತನ್ನದನ್ನೂ ತುಂಬುತ್ತಿದ್ದಳು."

"ಆಗ ಲಕ್ಕಮ್ಮ ಏನು ಮಾಡುತ್ತಿದ್ದಳು?"

"ಗೇಟಿನಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದಳು."

ಬರೆದುಕೊಂಡು ಎಲ್ಲರಿಗೂ ಕೇಳುವಂತೆ ಓದಿದೆ: "ಲಕ್ಕಮ್ಮನು ಗೇಟಿನಲ್ಲಿ ತನ್ನ ಮಗುವಿಗೆ ಹಾಲು ಕುಡಿಸುತ್ತಿದ್ದಾಗ, ಮುನಿಯಲ್ಲಮ್ಮನು ತನ್ನ ಡಬ್ಬಿಗಳನ್ನೂ ಲಕ್ಕಮ್ಮನ ಡಬ್ಬಿಗಳನ್ನೂ ತುಂಬಿದಳು. ಇದನ್ನು ನಾನು ಕಂಡೆನು."

ಮಾಲೀಕರು ಸೂಪರಿಂಟೆಂಡೆಂಟರ ಕಡೆ ತಿರುಗಿದರು. "ಇದರಲ್ಲಿ ತಪ್ಪು ಯಾವುದಯ್ಯಾ?"

ಮುನಿಯಲ್ಲಮ್ಮ ಮುಂದೆ ಬಂದು, ಶಾಯಿಯ ಮೆತ್ತೆಗೆ ಹೆಬ್ಬೆರಳನ್ನು ಅದ್ದಿ, "ಇದಕ್ಕಾದ್ರೆ ಒತ್ತೀನಿ ತನ್ನಿ" ಎಂದು ಆ ಕನ್ನಡ ವಾಕ್ಯದ ಕೆಳಗೆ ಗಟ್ಟಿಯಾಗಿ ಒತ್ತಿದಳು.

ಹನ್ನೊಂದು ಗಂಟೆಗೆ ಇಪ್ಪತ್ತು ನಿಮಿಷ ಬಿಡುವು ಎಂದು ಮಾಲೀಕರು ಅಂದೇ ಹೇಳಿದರು. ಎಲ್ಲವೂ ಸುಖವಾಗಿ ಮುಗಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರುವಾರವೇ ಸೂಪರಿಂಟೆಂಡೆಂಟರು ಮುನಿಯಲ್ಲಮ್ಮನನ್ನು ಮೈದಾ ಜರಡಿಯಾಡುವ ಕೊಟ್ಟಿಗೆಗೆ ಹಾಕಿದರು. ಅಲ್ಲಿ ಗಾಳಿಯಿಲ್ಲ, ಮೂಗು ಬಾಯಿಗೆಲ್ಲ ಹಿಟ್ಟು. ಮೂರು ವರ್ಷಕ್ಕೂ ಹೆಚ್ಚು ಕಾಲ, ಆ ಮನುಷ್ಯ ಬೇರೆ ಊರಿಗೆ ಹೋಗುವವರೆಗೂ, ಆಕೆ ಕೆಮ್ಮುತ್ತಲೇ ಜರಡಿಯಾಡಿದಳು. "ಬಿಟ್ಟುಬಿಡಬಾರದೇನಮ್ಮಾ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಾನ್ ಬುಟ್ರೆ ಅವ್ರಿಗೆ ಆರಾಮಾಯ್ತದಲ್ಲ ಮೇಷ್ಟ್ರೇ. ಅವ್ರಿಗ್ಯಾಕೆ ಆರಾಮು?" ಎಂದಳು.

ಅಂದಿನಿಂದ ಆಕೆಗೆ ಇಂಗ್ಲಿಷ್ ಪದ ಕಂಡರೆ ಬಿಡುವಂತಿರಲಿಲ್ಲ. ಭಾನುವಾರದ ಸಂಜೆ ಯಾವುದೋ ಒಂದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬರುವಳು. ಯಶವಂತಪುರದ ಗೂಡ್ಸ್ ವ್ಯಾಗನ್ನಿನ ಮೇಲೆ ಅಂಟಿಸಿದ್ದ ಚೀಟಿ ಒಂದು ವಾರ, ಔಷಧಿಯ ಸೀಸೆಯ ಲೇಬಲ್ಲು ಇನ್ನೊಂದು ವಾರ. 'ಪೆರಿಷಬಲ್' ಎಂದರೆ ಬೇಗ ಕೆಡುವಂಥದ್ದು ಎಂದು ಹೇಳಿದಾಗ, "ಟೊಮೇಟೋಗೆ ಇಷ್ಟು ದೊಡ್ಡ ಎಸ್ರಾ!" ಎಂದು ನಕ್ಕಳು. ಕೆಂಪಾಪುರದಲ್ಲಿ ಆಕೆಯ ಅಕ್ಕನ ಮನೆಗೆ ಬಂದ ಒಂದು ನೋಟೀಸಿನಲ್ಲಿ 'ಎನ್‌ಕ್ರೋಚ್‌ಮೆಂಟ್' ಎಂದಿತ್ತು. ಪಕ್ಕದವರ ಜಾಗಕ್ಕೆ ನುಗ್ಗುವುದು ಎಂದು ತಿಳಿಸಿದ ಮೇಲೆ, ನುಗ್ಗಿದ್ದು ಯಾರು ಎಂದು ಕೇಳಲು ಅಕ್ಕನನ್ನು ಕರೆದುಕೊಂಡು ತಾನೇ ಹೊರಟಳು. ಬೇಲಿಯ ಕಲ್ಲುಗಳನ್ನು ಅಳೆಸಿ ನೋಡಿದಾಗ ನುಗ್ಗಿದ್ದವರು ಪಕ್ಕದವರೇ. ಕಾರ್ಖಾನೆಯ ಬೇರೆ ಹೆಂಗಸರೂ ಕಾಗದ ಹಿಡಿದು ಬರತೊಡಗಿದಾಗ ನರಸಿಂಹಯ್ಯನವರ ಬೀರುವಿನ ಬೀಗಕ್ಕೆ ಬಿಡುವಿಲ್ಲದಾಯಿತು. ನಾನೇ ಅವೆನ್ಯೂ ರಸ್ತೆಗೆ ಹೋಗಿ ಹಳೆಯದೊಂದು ನಿಘಂಟು ಕೊಂಡುತಂದೆ.

೧೯೬೩ರ ಬೇಸಿಗೆಯಲ್ಲಿ ನನ್ನ ಜಗಲಿಯ ಮೇಲೆ ಕೂತು ಆಕೆ ಕನ್ನಡ ಅಕ್ಷರ ಕಲಿತಳು. 'ಲ್ಲ' ಬರೆಯುವುದು ಬಹಳ ಕಷ್ಟವಾಯಿತು. ತನ್ನ ಹೆಸರಿಗೆ ಅದು ಬೇಕೇಬೇಕು ಎಂದು ಸ್ಲೇಟು ತುಂಬ ಅದನ್ನೇ ಬರೆದಳು. "ಇಲ್ಲ ಅನ್ನಾಕೂ ಇದೇ ಅಕ್ಷರ ತಾನೇ ಮೇಷ್ಟ್ರೇ? ಅಂಗಾದ್ರೆ ಕಲೀಲೇಬೇಕು" ಎಂದದ್ದು ನನಗೆ ಇನ್ನೂ ಕಿವಿಯಲ್ಲಿದೆ.

ನಾನು ಈ ವರ್ಷ, ೧೯೬೯ರಲ್ಲಿ, ನಿವೃತ್ತನಾದೆ. ಹಳೆಯ ಮಾಲೀಕರು ಹೋದ ವರ್ಷ ತೀರಿಕೊಂಡರು. ಈಗ ಆಡಳಿತ ಅವರ ಅಳಿಯನದು. ಓದಿದ, ನಯವಾದ ಮಾತಿನ ಯುವಕ. ಇಪ್ಪತ್ತು ದಿನದ ಹಿಂದೆ ಮುನಿಯಲ್ಲಮ್ಮ ಒಂದು ಆಜ್ಞಾಪತ್ರ ಹಿಡಿದು ಬಂದಳು. ಈಗ ಆಕೆ ಪ್ಯಾಕಿಂಗ್ ಸಾಲಿನ ಮೇಸ್ತ್ರಿ. ಕೂದಲಿನ ಬಿಳುಪು ಮೈದಾದ್ದಲ್ಲ. ಕಾಗದ ಅಚ್ಚುಕಟ್ಟಾದ ಕನ್ನಡದಲ್ಲಿತ್ತು. ಇಂಗ್ಲಿಷ್ ಪದ ಒಂದೂ ಇರಲಿಲ್ಲ, ವ್ಯಾಕರಣದ ತಪ್ಪೂ ಇರಲಿಲ್ಲ: "ಮುಂದಿನ ಸೋಮವಾರದಿಂದ ಹನ್ನೊಂದು ಗಂಟೆಯ ಬಿಡುವನ್ನು ನಾನು ರದ್ದುಮಾಡಿದ್ದೇನೆ."

"ಇದಕ್ಕೇನಮ್ಮ ಮಾಡುತ್ತೀ? ನೀನು ಕೇಳಿದ ಹಾಗೆಯೇ ಬರೆದಿದ್ದಾರೆ. ಅರ್ಥವೂ ಸ್ಪಷ್ಟವಾಗಿದೆ" ಎಂದೆ.

"ಅರ್ಥ ಆಗ್ಲಿಲ್ಲ ಅಂತ ನಿಮ್ತಾವ ಬಂದಿಲ್ಲ ಮೇಷ್ಟ್ರೇ. ಮನೇಲೇ ಎರಡು ದಪ ಓದ್ಕಂಡೆ. ನಿಮ್ಗೆ ಒಂದ್ ಮಾತು ಯೋಳಿ ಓಗಾನ ಅಂತ ಬಂದೆ. ಅವತ್ತು ಅರ್ಥ ಆಗ್ದೆ ಒಪ್ಲಿಲ್ಲ. ಇವತ್ತು ಅರ್ಥ ಆಗಿರಾದ್ಕೇ ಒಪ್ಪಕಿಲ್ಲ."

ಮೊನ್ನೆ ತರಕಾರಿಗೆಂದು ಯಶವಂತಪುರಕ್ಕೆ ಹೋದವನು ಬೇಕೆಂದೇ ಆ ದಾರಿ ಹಿಡಿದೆ. ಬಿಡುವು ರದ್ದಾಗಿ ಹದಿಮೂರನೆಯ ದಿನ. ಹನ್ನೊಂದು ಹೊಡೆಯಿತು. ಗೇಟಿನ ಆಚೆ ಅಜ್ಜಿಯರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ಮುನಿಯಲ್ಲಮ್ಮ ಒಳಗಿನಿಂದ ಬಂದು ಕಿರುಬಾಗಿಲಿನ ಅಗುಳಿ ತಾನೇ ತೆಗೆದಳು. ಹಿಂದೆ ಐದು ಜನ ತಾಯಂದಿರು.

"ಅಕ್ಕಾ, ಬ್ಯಾಡ ಕಣಕ್ಕಾ, ಮೇಲ್ಗಡೆ ಕಿಟಕಿಯಿಂದ ನೋಡ್ತವ್ರೆ" ಎಂದು ಕಾವಲುಗಾರ ನರಸಯ್ಯ ಗೋಗರೆದ. "ನನ್ ಕೆಲ್ಸಾನೂ ಓಯ್ತದೆ."

"ನೀನು ಆ ಕಡೆ ತಿರ್ಗಿ ಬೀಡಿ ಅಚ್ಕೋ ನರಸಯ್ಯ. ಬಾಗ್ಲು ತೆಗ್ದೋಳು ನಾನು, ನೀನಲ್ಲ."

ಈವರೆಗೆ ಆಕೆಗೆ ಎರಡು ಎಚ್ಚರಿಕೆಯ ಕಾಗದ ಬಂದಿವೆ. ಎರಡರಲ್ಲೂ 'ಒಪ್ಪುವುದಿಲ್ಲ' ಎಂದು ತನ್ನ ಕೈಯಾರೆ ಬರೆದು, ಹೆಸರು ಬರೆದು, ವಾಪಸು ಕೊಟ್ಟಿದ್ದಾಳೆ. ಮುಂದೇನಾಗುತ್ತದೋ ನನಗೆ ಗೊತ್ತಿಲ್ಲ. ಕೆಲಸ ಹೋಗಬಹುದು. ಹಾಗೆಂದು ಹೇಳಿದರೆ ಆಕೆ ತಲೆಯಾಡಿಸಿ, ಸರಿ ಎನ್ನುತ್ತಾಳೆ. ಮರುದಿನ ಹನ್ನೊಂದಕ್ಕೆ ಮತ್ತೆ ಬಾಗಿಲ ಬಳಿ ನಿಲ್ಲುತ್ತಾಳೆ. ಮೊನ್ನೆಯೂ ಇಪ್ಪತ್ತು ನಿಮಿಷ ಕಿರುಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚಿಕೊಳ್ಳದ ಹಾಗೆ ನಿಂತಿದ್ದಳು. ಕೊನೆಯ ಕೂಸು ಹಾಲು ಕುಡಿದು ಮುಗಿಸುವವರೆಗೂ ಕದಲಲಿಲ್ಲ.